ಇಪ್ಪತ್ತೆರಡು ಗಂಟಿನ ದಾರ

ನಮ್ಮ ಚಿಕ್ಕವ್ವ ಆಣೆ ಇಡಲಿಲ್ಲ. ಕರ್ಪೂರ ಹಚ್ಚಿ ಮುಂದಿಟ್ಟರು. ಅವಳ ಪೆಟ್ಟಿಗೆಯಲ್ಲಿದ್ದ ಮಲೆ ಮಾದಪ್ಪನ ಪಟವನ್ನೇ ತಂದು ಗೋಡೆಗೆ ಒರಗಿಸಿದರು. ಬಲಗೈ ಹಿಡಿದು ಎಳೆದರು. ಅವಳು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಗಿಲ ಪಕ್ಕ ನಿಂತೇ ಇದ್ದಳು. ನನಗೆ ಆಗ 10 ವರ್ಷ. ಆ ಮನೆಯ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಲ್ಲೇ ನಿಂತಿದ್ದೆ. ಇಟ್ಟುಬಿಡು ಚಿಕ್ಕವ್ವ, ಇಟ್ಟುಬಿಟ್ಟರೆ ಎಲ್ಲ ಮುಗಿಯುತ್ತದೆ ಎಂದು ಒಳಗೊಳಗೇ ಗೋಗರೆಯುತ್ತಿದ್ದೆ.

ಇದನ್ನು ನಾವು ಮಾತಾಡುವುದು ವರ್ಷಕ್ಕೊಂದು ಸಲ, ಚಿಕ್ಕಲ್ಲೂರಿನಲ್ಲಿ. ಬನದ ಹುಣ್ಣಿಮೆಗೆ ಸಿದ್ದಪ್ಪಾಜಿಯ ಜಾತ್ರೆ ಐದು ದಿನ. ಕೊಳ್ಳೇಗಾಲ, ಹನೂರು, ಯಳಂದೂರು, ಮಳವಳ್ಳಿ ಕಡೆಯ ಒಕ್ಕಲೆಲ್ಲ ಪಾತ್ರೆಪಡಗ ಕಟ್ಟಿಕೊಂಡು ಬಂದು ಮರದಡಿ ಬಿಡಾರ ಹೂಡುತ್ತದೆ. ಮೊದಲ ರಾತ್ರಿ ಚಂದ್ರಮಂಡಲ ಹೊತ್ತಿಸುತ್ತಾರೆ. ಉರಿ ಯಾವ ದಿಕ್ಕಿಗೆ ವಾಲಿತೋ ಆ ಸೀಮೆಗೆ ಆ ವರ್ಷ ಮಳೆಬೆಳೆ ಚೆನ್ನ ಎಂದು ಹಿರಿಯರ ನಂಬಿಕೆ. ಅದನ್ನು ನೋಡಿಕೊಂಡು ಬಿಡಾರಕ್ಕೆ ಬಂದು, ಮೂರು ಕಲ್ಲಿನ ಒಲೆಗೆ ಇನ್ನೊಂದು ಕೊರಡು ತಳ್ಳಿ ಕೂತರೆ ಆ ಚಳಿಗೆ ಯಾರಿಗೂ ನಿದ್ದೆ ಹತ್ತುವುದಿಲ್ಲ. ಆಗ ಮಕ್ಕಳಲ್ಲಿ ಯಾರಾದರೂ, "ಅಜ್ಜೀ, ದಾರ ತೋರ್ಸು" ಎನ್ನುತ್ತಾರೆ. ಚಿಕ್ಕವ್ವ ಎಲೆಅಡಿಕೆ ಚೀಲದೊಳಗಿಂದ ಒಂದು ದಾರದ ಸುರುಳಿ ತೆಗೆದು ನನ್ನ ಕೈಗೆ ಕೊಡುತ್ತಾಳೆ. ಕಥೆ ಹೇಳುವವಳು ನಾನು. ಅವಳು ಹೇಳುವುದಿಲ್ಲ, ನಾನು ತಪ್ಪಿದ ಕಡೆ ತಿದ್ದುತ್ತಾಳೆ, ಅಷ್ಟೆ.

ನಮ್ಮದು ಕೌದಳ್ಳಿಯಿಂದ ಒಳಕ್ಕಿರುವ ಊರು. ಆಗ ಹನೂರು ತಾಲ್ಲೂಕಾಗಿರಲಿಲ್ಲ, ಎಲ್ಲವೂ ಕೊಳ್ಳೇಗಾಲ ತಾಲ್ಲೂಕು; ಚಾಮರಾಜನಗರ ಜಿಲ್ಲೆಯೂ ಇರಲಿಲ್ಲ, ಮೈಸೂರಿಗೆ ಸೇರಿದ್ದೆವು. ಮಳೆಯಾದರೆ ರಾಗಿ, ಹುರುಳಿ, ಜೋಳ. ಆಗದಿದ್ದರೆ ಕಾಡು. ಸೌದೆ, ಹುಣಸೆ, ಸೀಗೆ, ನೆಲ್ಲಿಕಾಯಿ, ಪೊರಕೆ ಹುಲ್ಲು. ಹೆಂಗಸರ ಕೈಗೆ ನಾಲ್ಕು ಕಾಸು ಬರುತ್ತಿದ್ದದ್ದು ಕಾಡಿನಿಂದಲೇ. 1992ರ ಮೇ ತಿಂಗಳಲ್ಲಿ ವೀರಪ್ಪನ್ ತಂಡ ರಾಮಾಪುರದ ಪೊಲೀಸ್ ಠಾಣೆಗೆ ನುಗ್ಗಿ ಪೊಲೀಸರನ್ನು ಕೊಂದಿತು. ಮುಂದಿನ ವರ್ಷ ಏಪ್ರಿಲ್ 9ರಂದು ಪಾಲಾರ್ ಹತ್ತಿರ ನೆಲಬಾಂಬು ಸಿಡಿಯಿತು. ಕಾಡು ನಮ್ಮ ಪಾಲಿಗೆ ಮುಚ್ಚಿಹೋಯಿತು. ಸೌದೆಗೆ ಹೋದವರು ಸಂಜೆ ಬರುವುದು ತಡವಾದರೆ ಊರಿಗೆ ಊರೇ ಬಾಯಿಗೆ ಕೈ ಇಟ್ಟುಕೊಂಡು ಕೂರುತ್ತಿತ್ತು. ಈ ಕಡೆ ವೀರಪ್ಪನ್ ಭಯ, ಆ ಕಡೆ ಅವನನ್ನು ಹುಡುಕುವವರ ಭಯ. ಆ ವರ್ಷಗಳಲ್ಲಿ ಬೆಟ್ಟದ ಊರಿನ ಜನ ಏನೇನು ಅನುಭವಿಸಿದರು ಎಂಬುದನ್ನು ಮುಂದೆ ನ್ಯಾಯಮೂರ್ತಿ ಸದಾಶಿವ ಸಮಿತಿ ಕೇಳಿ ಬರೆದುಕೊಂಡಿತು; ಇಲ್ಲಿ ಅದನ್ನು ಬಿಡಿಸುವುದಿಲ್ಲ. ನಾನು ಹೇಳಬೇಕಾದ್ದು ಇಷ್ಟು: ಆ ವರ್ಷಗಳಲ್ಲಿ ನಮ್ಮ ಕಡೆಯ ಗಂಡಸರು ಕೊಡಗಿನ ಕಾಫಿ ತೋಟಕ್ಕೆ, ತಮಿಳುನಾಡಿನ ಕಲ್ಲುಕ್ವಾರಿಗೆ ಹೋದರು. ಹೆಣ್ಣುಮಕ್ಕಳು ಬೆಂಗಳೂರಿನ ಮನೆಗಳಿಗೆ ಹೋದರು.

ಚಿಕ್ಕವ್ವ ಹೋದದ್ದು 1992ರ ಭೀಮನ ಅಮಾವಾಸ್ಯೆ ಆದ ಮೇಲೆ. ಅವಳಿಗಾಗ ಇಪ್ಪತ್ತೋ ಇಪ್ಪತ್ತೊಂದೋ. ತಾತ ಬಾವಿಗೆಂದು ಸಾಲ ಮಾಡಿ ತೋಡಿಸಿದ್ದರು, ನೀರು ಬರಲಿಲ್ಲ. ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದ ನಮ್ಮೂರ ಮೇಸ್ತ್ರಿಯೊಬ್ಬರು ಆ ಮನೆ ಗೊತ್ತು ಮಾಡಿಕೊಟ್ಟರು. ತಿಂಗಳಿಗೆ 150 ರೂಪಾಯಿ, ಊಟ, ಬಟ್ಟೆ, ಮಲಗಲು ಜಾಗ. "ಸಂಬಳ ಕೈಗೆ ಕೊಟ್ಟರೆ ಖರ್ಚಾಗುತ್ತೆ, ನಮ್ಮ ಹತ್ತಿರವೇ ಇರಲಿ, ಮದುವೆ ಹೊತ್ತಿಗೆ ಒಟ್ಟಿಗೆ ಕೊಡುತ್ತೇವೆ" ಎಂದರಂತೆ ಆ ಮನೆಯ ಯಜಮಾನರು. ತಾತ ಕೈಮುಗಿದು ಬಂದರು. ಪರಸ್ಥಳದಲ್ಲಿ ಮಗಳಿಗೆ ಇನ್ನೊಬ್ಬ ಅಪ್ಪ ಸಿಕ್ಕಿದ ಎಂದುಕೊಂಡರು. ಚೀಟಿಯಿಲ್ಲ, ಪಾಟಿಯಿಲ್ಲ, ಬರೀ ಮಾತು.

ಚಿಕ್ಕವ್ವನಿಗೆ ಅಕ್ಷರ ಬಾರದು. ಆದರೆ ಮಾದಪ್ಪನ ಒಕ್ಕಲಿಗೆ ಅಮಾವಾಸ್ಯೆ ತಪ್ಪುವುದುಂಟೆ? ನಮ್ಮ ಕಡೆ ತಿಂಗಳೆಂದರೆ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ಮಾದಪ್ಪನ ಬೆಟ್ಟಕ್ಕೆ ಹೋಗುವವರು ಹೋಗುತ್ತಾರೆ, ಹೋಗಲಾಗದವರು ಮನೆಯಲ್ಲೇ ಎಣ್ಣೆಮಜ್ಜನದ ಹೊತ್ತು ನೆನೆದು ಕೈಮುಗಿಯುತ್ತಾರೆ. ಅವಳು ಹೂ ಕಟ್ಟುವ ದಾರವೊಂದನ್ನು ಪೆಟ್ಟಿಗೆಯೊಳಗಿಟ್ಟುಕೊಂಡು ಅಮಾವಾಸ್ಯೆಗೊಂದು ಗಂಟು ಹಾಕುತ್ತಾ ಬಂದಳು. ಆ ಮನೆಯ ಗೋಡೆಯಲ್ಲಿ ದೊಡ್ಡ ಕ್ಯಾಲೆಂಡರ್ ಇತ್ತು, ಅದರಲ್ಲಿ ಅಮಾವಾಸ್ಯೆಗೆ ಕಪ್ಪು ಚುಕ್ಕೆ ಇರುತ್ತಿತ್ತು. ಅಷ್ಟು ಸಾಕಾಗಿತ್ತು ಅವಳಿಗೆ.

ನಾನು ಅಲ್ಲಿಗೆ ಹೋದದ್ದು 1994ರ ಬೇಸಿಗೆ ರಜೆಗೆ, ಯುಗಾದಿ ಮುಗಿದ ವಾರಕ್ಕೆ. ನಾಲ್ಕನೇ ಕ್ಲಾಸು ಪಾಸಾಗಿದ್ದೆ. ಆ ಮನೆಯ ಮಗಳು ಕೂಸು ಹೆತ್ತು ಬಾಣಂತನಕ್ಕೆ ಬಂದಿದ್ದಳು. ಕೂಸು ಎತ್ತಿಕೊಳ್ಳಲು ಒಂದು ಹುಡುಗಿ ಬೇಕು, ರಜೆ ಮುಗಿದ ಮೇಲೆ ಎರಡು ಲಂಗ, ಒಂದು ವರ್ಷಕ್ಕಾಗುವಷ್ಟು ನೋಟುಬುಕ್ಕು ಕೊಟ್ಟು ಕಳಿಸುತ್ತೇವೆ ಎಂದು ಹೇಳಿ ಕಳಿಸಿದ್ದರು. ಅಪ್ಪ ನನ್ನನ್ನು ಕನಕಪುರ ರಸ್ತೆಯ ಬಸ್ಸಿನಲ್ಲಿ ಕರೆದೊಯ್ದು ಬನಶಂಕರಿ ದೇವಸ್ಥಾನದ ಹತ್ತಿರ ಇಳಿಸಿ, ಮನೆ ಮುಟ್ಟಿಸಿ ಬಂದರು. ನನಗೆ ಅದು ಹಬ್ಬವೇ. ಬೆಂಗಳೂರು, ಟಿವಿ, ಚಿಕ್ಕವ್ವ.

ಅವರನ್ನು ಕೆಟ್ಟ ಜನ ಎಂದು ನಾನು ಯಾವತ್ತೂ ಹೇಳಿಲ್ಲ, ಈಗಲೂ ಹೇಳುವುದಿಲ್ಲ. ಚಿಕ್ಕವ್ವನಿಗೆ ಜ್ವರ ಬಂದಾಗ ಆ ಮನೆಯ ಅಮ್ಮಾವ್ರೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರಂತೆ. ನನ್ನ ತಲೆಯ ಸಿಕ್ಕು ಬಿಡಿಸಿ ಎಣ್ಣೆ ಹಚ್ಚಿ ಜಡೆ ಹಾಕಿದ್ದೂ ಅವರೇ. ಆದರೆ ನಮ್ಮಿಬ್ಬರ ತಟ್ಟೆಲೋಟ ಹಿತ್ತಲ ಮೋರಿಯ ಪಕ್ಕ ಬೇರೆಯೇ ಕವುಚಿರುತ್ತಿತ್ತು. ನಾನು ಅನ್ನವನ್ನು ಬೆರಳಿನಲ್ಲಿ ಮಿದ್ದು ಕೂಸಿನ ಬಾಯಿಗೆ ಇಡುತ್ತಿದ್ದೆ. ಅದೇ ಬೆರಳಿನಲ್ಲಿ ಅವರ ನೀರಿನ ಬಿಂದಿಗೆ ಮುಟ್ಟುವಂತಿರಲಿಲ್ಲ. ಹತ್ತು ವರ್ಷದ ಹುಡುಗಿಗೆ ಇದು ಹೇಗೆ ಅರ್ಥವಾಗಬೇಕು? ಚಿಕ್ಕಲ್ಲೂರಿನ ಪಂಕ್ತಿ ಸೇವೆಯಲ್ಲಿ ಯಾರ ಪಕ್ಕ ಯಾರು ಕೂತರು ಎಂದು ಕೇಳದೆ ಎಲೆ ಹಾಕಿ ಉಂಡು ಬೆಳೆದವಳು ನಾನು.

ಇನ್ನೊಂದು ಮಾತು ಮರೆಯಬಾರದು. ಚಿಕ್ಕವ್ವನ ಹೆಸರೂ ಆ ಮನೆಯ ಹಿರಿಯ ಅಜ್ಜಿಯ ಹೆಸರೂ ಒಂದೇ ಆಗಿತ್ತು. ಕೆಲಸದವಳನ್ನು ಅತ್ತೆಯ ಹೆಸರಿನಿಂದ ಕೂಗುವುದು ಹೇಗೆ ಎಂದು ಅವಳಿಗೆ ಬೇರೆ ಹೆಸರು ಇಟ್ಟಿದ್ದರು. ನಾನು ಮೊದಲ ದಿನ ಆ ಹೆಸರು ಕೇಳಿ, ಇದ್ಯಾರೋ ಇನ್ನೊಬ್ಬಳು ಕೆಲಸದವಳು ಇದ್ದಾಳೆ ಎಂದುಕೊಂಡೆ. ಚಿಕ್ಕವ್ವ "ಬಂದೆ ಅಮ್ಮಾವ್ರೆ" ಎಂದು ಎದ್ದು ಹೋದಳು. ಅವತ್ತು ನನಗಾದ ಗಾಬರಿ ಈಗಲೂ ಹೊಟ್ಟೆಯಲ್ಲಿ ಇದೆ. ತಾತ ಅಜ್ಜಿ ಇಟ್ಟ ಹೆಸರು ಎರಡು ವರ್ಷ ಆ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ, ಅವಳನ್ನು ಕರೆಯಲು.

ಬೆಳಿಗ್ಗೆ ಐದಕ್ಕೆ ಏಳುವುದು, ಅಂಗಳ ಸಾರಿಸಿ ರಂಗೋಲಿ, ಪಾತ್ರೆ, ಬಟ್ಟೆ, ಹಿಟ್ಟು ರುಬ್ಬುವುದು, ಬಾಣಂತಿಗೆ ನೀರು, ಕೂಸಿನ ಬಟ್ಟೆ, ಮತ್ತೆ ಪಾತ್ರೆ. ರಾತ್ರಿ ಹನ್ನೊಂದಕ್ಕೆ ಹಿತ್ತಲ ಬಾಗಿಲ ಒಳಗಡೆ ಚಾಪೆ ಹಾಸಿ ಒರಗಿದರೆ, ಬಾಣಂತಿ ಕರೆದಾಗ ಮತ್ತೆ ಏಳಬೇಕು. ರಜೆ ಎಂಬುದು ಆ ಲೆಕ್ಕದಲ್ಲೇ ಇರಲಿಲ್ಲ. ಎರಡು ವರ್ಷದಲ್ಲಿ ಊರಿಗೆ ಬಂದದ್ದು ಎರಡೇ ಸಲ.

ಮೇ 10ಕ್ಕೆ ಅಮಾವಾಸ್ಯೆ. ಅವತ್ತು ರಾತ್ರಿ ಅವಳು ಗಂಟು ಹಾಕಿದ್ದನ್ನು ನಾನು ನೋಡಿದೆ. "ಎಣ್ಸು ಕೂಸೇ" ಎಂದಳು. ಎಣಿಸಿದೆ. ಇಪ್ಪತ್ತೆರಡು. "ನೂರೈವತ್ತರಂಗೆ ಎಷ್ಟಾಯ್ತದೆ?" ನಾನು ಶಾಲೆಯಲ್ಲಿ ಕಲಿತ ಗುಣಾಕಾರವನ್ನು ನೆಲದ ಮೇಲೆ ಬೆರಳಿನಲ್ಲಿ ಬರೆದು ಹೇಳಿದೆ: 3300. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಾಜಿ ಎರಡು ಸಾರಿ ಬಂದಾಗ ಮುನ್ನೂರು ಮುನ್ನೂರು ಇಸ್ಕಂಡೋಗವ್ರೆ. ಅದ ಕಳೀ" ಎಂದಳು. ಕಳೆದೆ. 2700. ಅಷ್ಟು ದೊಡ್ಡ ಮೊತ್ತವನ್ನು ನಮ್ಮ ಮನೆಯ ಒಬ್ಬ ಹೆಂಗಸಿನ ಹೆಸರಿನಲ್ಲಿ ನಾನು ಕೇಳಿದ್ದು ಅದೇ ಮೊದಲು.

ಅದಾಗಿ ಎರಡು ದಿನಕ್ಕೆ ಸಂಜೆ, ಬಾಣಂತಿಯ ಒಂದು ಕಿವಿಯ ಓಲೆ ಕಾಣುತ್ತಿಲ್ಲ ಎಂದು ಗದ್ದಲವೆದ್ದಿತು. ಹಾಸಿಗೆ ಕೊಡವಿದರು, ತೊಟ್ಟಿಲು ಕೊಡವಿದರು, ಬಚ್ಚಲ ಜಾಲರಿ ಎತ್ತಿ ನೋಡಿದರು. ಚಿಕ್ಕವ್ವನೂ ನೆಲದ ಮೇಲೆ ಕೂತು ಕಸಬರಿಕೆ ಕಡ್ಡಿಯಿಂದ ಮೂಲೆ ಮೂಲೆ ಕೆದಕಿದಳು. ಎಲ್ಲ ಹುಡುಕಿ ಆದ ಮೇಲೆ ಮನೆಯಲ್ಲಿ ಒಂದು ರೀತಿಯ ಮೌನ ಬಂತು. ಯಾರೂ ಏನೂ ಹೇಳಲಿಲ್ಲ. ಅಜ್ಜಿ ಎದ್ದು ನಮ್ಮ ಚಾಪೆಯ ಹತ್ತಿರ ಹೋದರು. ತಗಡಿನ ಪೆಟ್ಟಿಗೆ ತಂದು ನಡುಮನೆಯಲ್ಲಿ ಸುರಿದರು. ಎರಡು ಸೀರೆ, ರವಿಕೆ, ಒಂದು ಬಾಚಣಿಗೆ, ಬೆಟ್ಟದ ವಿಭೂತಿ ಉಂಡೆ, ಮಾದಪ್ಪ ಹುಲಿಯ ಮೇಲೆ ಕೂತ ಪಟ, ಆ ದಾರ. ನನ್ನ ಚೀಲವನ್ನೂ ಸುರಿದರು. ನನ್ನ ಲಂಗದ ಅಂಚನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ಏನೂ ಸಿಗಲಿಲ್ಲ.

ಸಿಗದಿದ್ದದ್ದು ಸಾಕಾಗಲಿಲ್ಲ. "ನಿಮ್ಮ ದೇವರ ಮುಂದೆ ಕರ್ಪೂರ ಮುಟ್ಟಿ ಹೇಳು, ನಾನು ತೆಗೆದಿಲ್ಲ ಅಂತ. ಮುಗಿದುಹೋಗುತ್ತೆ" ಎಂದರು. ಯಜಮಾನರ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಏನೋ ದೊಡ್ಡ ಉಪಕಾರ ಮಾಡುವವರ ಹಾಗೆ ಹೇಳಿದರು.

ಅವಳು ನಿಂತ ರೀತಿಯನ್ನು ಮೊದಲೇ ಹೇಳಿದೆನಲ್ಲ. ಕರ್ಪೂರ ಉರಿದು ಆರಿತು. ಇನ್ನೊಂದು ಹಚ್ಚಿದರು. ಅದೂ ಆರಿತು. ಆಗ ಬಾಯಿ ತೆಗೆದಳು. "ಆಣೆ ಮಡಗೋಕೆ ನಾನೇನು ಈ ಮನೆ ಸೊಸೆನಾ ಅಮ್ಮಾವ್ರೆ? ಕೆಲ್ಸುಕ್ ಬಂದೋಳು. ಪೆಟ್ಗೆ ನೋಡಾಯ್ತು. ಇನ್ ನನ್ ಲೆಕ್ಕ ಯೋಳಿ."

ಆ ಮನೆಯಲ್ಲಿ ಅವಳು ಅಷ್ಟು ಉದ್ದದ ಮಾತಾಡಿದ್ದು ಅದೇ ಮೊದಲಿರಬೇಕು. ಎಲ್ಲರೂ ಅವಳ ಮುಖ ನೋಡಿದರು. ಆಣೆ ಇಡದವಳು ಕಳ್ಳಿಯೇ ಎಂದು ಅಜ್ಜಿ ತೀರ್ಮಾನ ಕೊಟ್ಟರು. ಬೆಳಿಗ್ಗೆ ಪೊಲೀಸಿಗೆ ಹೇಳೋಣ ಎಂದು ಯಜಮಾನರು ಎದ್ದು ಹೋದರು. ಪೊಲೀಸ್ ಎಂಬ ಆ ಒಂದು ಮಾತಿಗೆ, ನಮ್ಮ ಕಡೆಯಿಂದ ಬಂದವಳ ಎದೆಯಲ್ಲಿ ಏನಾಗುತ್ತದೆ ಎಂದು ಅವರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ನನಗೆ ಗೊತ್ತಿತ್ತು. ನಾನು ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿದ್ದೆ.

ರಾತ್ರಿ ಚಾಪೆಯ ಮೇಲೆ ನನ್ನನ್ನು ಅವುಚಿಕೊಂಡು ಮಲಗಿದಳು. "ಕದ್ದಿಲ್ಲ ಅಂದ್ಮೇಲೆ ಆಣೆ ಇಟ್ರೆ ಏನಾಗ್ತಿತ್ತು ಚಿಕ್ಕವ್ವ?" ಎಂದು ಕೇಳಿದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಸಂಕವ್ವ ಮಡಗಿದ್ಲಾ?" ಎಂದಳು.

ನಮ್ಮ ಊರಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂಸಾಳೆ ಹಿಡಿದು ಬರುವ ದೇವರಗುಡ್ಡರ ಬಾಯಲ್ಲಿ ಎಷ್ಟು ರಾತ್ರಿ ಕೇಳಿಲ್ಲ ಮಾದಪ್ಪನ ಕಥೆಯ ಸಂಕಮ್ಮನ ಸಾಲನ್ನು. ಗಂಡ ನೀಲಯ್ಯ ಹೆಜ್ಜೇನು ಕೀಳಲು ಕಾಡಿಗೆ ಹೊರಟವನು, ತಾನು ಬರುವ ತನಕ ಪತಿವ್ರತೆಯಾಗಿರುತ್ತೇನೆಂದು ಬಲಗೈ ಭಾಷೆ ಕೊಡು ಎಂದು ಸಂಕಮ್ಮನನ್ನು ಕೇಳುತ್ತಾನೆ. ಅವಳು ಕೊಡುವುದಿಲ್ಲ. ಕೊಡದಿದ್ದಕ್ಕೆ ಪಡಬಾರದ ಹಿಂಸೆ ಪಡುತ್ತಾಳೆ. ಕೊಟ್ಟುಬಿಡಬಹುದಿತ್ತು, ಅವಳಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿಲ್ಲದವಳನ್ನು ಭಾಷೆ ಕೇಳುವುದೇ ತಪ್ಪು ಎಂದು ಅವಳ ಹಟ. ಆ ಕಥೆಯಲ್ಲಿ ಮಾದಪ್ಪ ತಾನೇ ಸಂಕಮ್ಮನ ಬಾಗಿಲಿಗೆ ನಡೆದು ಬರುತ್ತಾನೆ. ಬನಶಂಕರಿಯ ಆ ಹಿತ್ತಲ ಬಾಗಿಲಲ್ಲಿ ನಮಗೆ ದಾರವೊಂದೇ ಇದ್ದದ್ದು.

ಬೆಳಿಗ್ಗೆ ಪೊಲೀಸರು ಬರಲಿಲ್ಲ. ಅಮ್ಮಾವ್ರು ನಮ್ಮ ಪೆಟ್ಟಿಗೆ ಚೀಲ ಎರಡನ್ನೂ ಗೇಟಿನ ಹತ್ತಿರ ಇಡಿಸಿ, "ಬಸ್ ಚಾರ್ಜ್ ತಗೋ, ಹೊರಡು" ಎಂದು ಐವತ್ತು ರೂಪಾಯಿ ನೀಡಿದರು. ಚಿಕ್ಕವ್ವ ನೋಟು ಮುಟ್ಟಲಿಲ್ಲ. ಗೇಟಿನ ಹೊರಗೆ ಮೋರಿಯ ಮೇಲಿನ ಕಲ್ಲುಚಪ್ಪಡಿಯ ಮೇಲೆ ಕೂತುಬಿಟ್ಟಳು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಬರೆಯೋ ಪುಸ್ತಕ ತೆಗಿ" ಎಂದಳು. ಆ ರಜೆಯಲ್ಲಿ ನನಗೆ ಸಿಕ್ಕಿದ್ದ ಒಂದೇ ನೋಟುಬುಕ್ಕು. ಅದರ ಮೊದಲ ಹಾಳೆಯ ಮೇಲೆ ನಾನು ಶಾಲೆಯ ಲೆಕ್ಕ ಮಾಡಲಿಲ್ಲ.

ಎದುರು ಸಾಲಿನ ಮನೆಯಲ್ಲಿ ಕೆಲಸಕ್ಕಿದ್ದವಳು ಯಳಂದೂರು ಕಡೆಯವಳು. ಬಿಳಿಗಿರಿರಂಗನ ಬೆಟ್ಟ ಕಣ್ಣೆದುರಿಗೆ ಕಾಣುವ ಸುವರ್ಣಾವತಿ ದಡದ ಊರು. ಕಾಂಪೌಂಡಿನ ಆಚೆ ಈಚೆ ಬಟ್ಟೆ ಹರವುವಾಗ ಇಬ್ಬರೂ ಮಾತಾಡಿಕೊಳ್ಳುತ್ತಿದ್ದರು. ಅವಳು ಪೊರಕೆ ಹಿಡಿದುಕೊಂಡೇ ಬಂದಳು. ಅವಳ ಹಿಂದೆ ಮೂಲೆ ಮನೆಯ ತಮಿಳು ಹೆಂಗಸು, ಹೂವಿನವಳು, ಇಸ್ತ್ರಿ ಗಾಡಿಯವನ ಹೆಂಡತಿ. ಯಾರೂ ಜಗಳ ಮಾಡಲಿಲ್ಲ. ಸುಮ್ಮನೆ ಬಂದು ನಿಂತರು. ಬೀದಿಯಲ್ಲಿ ನಾಲ್ಕು ಜನ ಹೆಂಗಸರು ಸುಮ್ಮನೆ ನಿಂತರೆ ಕಿಟಕಿಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ.

ಯಜಮಾನರು ಹೊರಗೆ ಬಂದರು. ಯಳಂದೂರಿನವಳು ತಲೆಯ ಮೇಲೆ ಸೆರಗು ಎಳೆದುಕೊಂಡು, ದನಿ ಏರಿಸದೆ ಹೇಳಿದಳು: "ಬುದ್ಧೀ, ಕದ್ದವ್ಳೆ ಅಂದ್ರೆ ಸ್ಟೇಸನ್ನಿಗೆ ಕೊಡಿ. ಕದ್ದಿಲ್ಲ ಅಂದ್ರೆ ಸಂಬ್ಳ ಕೊಡಿ. ಅದೂ ಇಲ್ಲ ಇದೂ ಇಲ್ಲ ಅಂದ್ರೆ ಎಂಗೆ?"

ಇಷ್ಟು ವರ್ಷ ಪಾಠ ಹೇಳಿದ್ದೇನೆ, ಸಭೆಗಳಲ್ಲಿ ದೊಡ್ಡವರ ಭಾಷಣ ಕೇಳಿದ್ದೇನೆ. ಈ ಮೂರು ವಾಕ್ಯಕ್ಕಿಂತ ಚೊಕ್ಕವಾಗಿ ಯಾರೂ ನ್ಯಾಯ ಹೇಳಿದ್ದು ನನಗೆ ನೆನಪಿಲ್ಲ.

ಲೆಕ್ಕ ಅಲ್ಲೇ, ಬೀದಿಯಲ್ಲೇ ನಡೆಯಿತು. ಅವರು ತಿಂಗಳು ಇಪ್ಪತ್ತೊಂದು ಎಂದರು. ಇಂಗ್ಲಿಷ್ ತಿಂಗಳ ಪ್ರಕಾರ, ಮೇ ಇನ್ನೂ ಮುಗಿದಿಲ್ಲ. ಚಿಕ್ಕವ್ವ ದಾರವನ್ನು ಎರಡು ಕೈಯಲ್ಲಿ ಬಿಡಿಸಿ ಹಿಡಿದಳು. ಇಪ್ಪತ್ತೆರಡು. ಸೀರೆ ಎರಡು ಕೊಡಿಸಿದ್ದೇವೆ, 240 ಎಂದರು. "ಗೌರಿ ಹಬ್ಬುಕ್ಕೆ ಬಾಗ್ನ ಅಂತ ಕುಂಕುಮ ಇಕ್ಕಿ ಕೊಟ್ಟ್ರಿ" ಎಂದಳು. ಡಾಕ್ಟರಿಗೆ, ಔಷಧಿಗೆ 110. ಅದಕ್ಕೆ ಅವಳು ಏನೂ ಹೇಳಲಿಲ್ಲ, ತಲೆ ತಗ್ಗಿಸಿದಳು. ಒಡೆದ ಮಿಕ್ಸಿ ಜಾರಿಗೆ 180. ಅದು ಒಡೆದದ್ದು ಯಾರ ಕೈಯಲ್ಲಿ ಎಂದು ಅವಳಿಗೂ ಗೊತ್ತಿತ್ತು, ಅಮ್ಮಾವ್ರಿಗೂ ಗೊತ್ತಿತ್ತು. ಅಮ್ಮಾವ್ರು ಬಾಗಿಲಿನಿಂದ ಒಳಗೆ ಹೋದರು. ನಾನು ಹೇಳಿದ್ದನ್ನೆಲ್ಲ ಬರೆಯುತ್ತಾ ಹೋದೆ. ಎರಡು ಕಡೆ: ಅವರು ಹೇಳಿದ್ದು ಒಂದು ಕಡೆ, ಚಿಕ್ಕವ್ವ ಹೇಳಿದ್ದು ಇನ್ನೊಂದು ಕಡೆ. ಕೈ ನಡುಗಿ ಪೆನ್ಸಿಲ್ ಮೊನೆ ಎರಡು ಸಲ ಮುರಿಯಿತು. ಹೂವಿನವಳು ತನ್ನ ಹೂ ಕತ್ತರಿಸುವ ಚಾಕುವಿನಲ್ಲಿ ಚೂಪು ಮಾಡಿಕೊಟ್ಟಳು.

ಕೊನೆಗೆ ಅವರು ನೂರರ ಹನ್ನೆರಡು ನೋಟು ತಂದು ಗೇಟಿನ ಕಂಬದ ಮೇಲಿಟ್ಟರು. ಕೈಗೆ ಕೊಡಲಿಲ್ಲ. "ಇದೇ ಹೆಚ್ಚು" ಎಂದು ಗೇಟು ಹಾಕಿಕೊಂಡರು. ಚಿಕ್ಕವ್ವ ಎಣಿಸಿ ಸೊಂಟಕ್ಕೆ ಸಿಕ್ಕಿಸಿ ಎದ್ದಳು. ತೆಗೆದುಕೊಳ್ಳಬಾರದಿತ್ತು ಎನ್ನುವವರು ಇದ್ದಾರೆ, ಈ ಕಥೆ ಕೇಳಿದವರಲ್ಲಿ. ಅವಳ ಇಪ್ಪತ್ತೆರಡು ತಿಂಗಳ ಬೆವರನ್ನು ಆ ಕಂಬದ ಮೇಲೆ ಬಿಟ್ಟು ಬರಬೇಕಿತ್ತೆ?

ಬಸ್ಸು ಕನಕಪುರ ದಾಟುವವರೆಗೂ ಅವಳು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಹಲಗೂರಿನಲ್ಲಿ ಕಡಲೆಕಾಯಿ ಕೊಡಿಸಿದಳು. ಮಳವಳ್ಳಿ ಬಿಟ್ಟ ಮೇಲೆ, "ಪುಸ್ತಕ ತೆಗಿ. ಕೊಟ್ಟಿದ್ದ ಕಳ್ದು ಬರಿ" ಎಂದಳು. 2700ರಲ್ಲಿ 1200 ಹೋದರೆ 1500. "ಬಾಕಿ ಅಂತ ಬರಿ. ದಪ್ಪ ಅಕ್ಸರದಲ್ಲಿ ಬರಿ." ಬಸ್ಸು ಸತ್ತೇಗಾಲದ ಸೇತುವೆಯ ಮೇಲೆ ಬಂದಾಗ ಜನ ಎಂದಿನ ಹಾಗೆ ಕಾವೇರಿಗೆ ಚಿಲ್ಲರೆ ಎಸೆದು ಕೈಮುಗಿದರು. ಅವಳು ಕೈಮುಗಿದಳು, ಚಿಲ್ಲರೆ ಎಸೆಯಲಿಲ್ಲ.

ಊರಿನಲ್ಲಿ ಎಲ್ಲರ ಮೊದಲ ಪ್ರಶ್ನೆ ಒಂದೇ: "ಓಲೆ ಸಿಕ್ತಾ?" ಈಗಲೂ ಯಾರಿಗೆ ಈ ಕಥೆ ಹೇಳಿದರೂ ಮೊದಲು ಅದನ್ನೇ ಕೇಳುತ್ತಾರೆ. ಓಲೆಯ ಸುದ್ದಿ ನಮಗೆ ಮತ್ತೆ ಬರಲಿಲ್ಲ. ಸಿಕ್ಕಿದ್ದರೆ ನಾನು ಇದನ್ನು ಇನ್ನೂ ಸಲೀಸಾಗಿ ಹೇಳಬಹುದಿತ್ತು, ನೀವೂ ಸಲೀಸಾಗಿ ಕೇಳಬಹುದಿತ್ತು. ಬಾಕಿ 1500 ಏನಾಯಿತು ಎಂದು ಕೇಳಿದವರು ಇಷ್ಟು ವರ್ಷದಲ್ಲಿ ಇಬ್ಬರೋ ಮೂವರೋ. ಬಂಡಳ್ಳಿಯಲ್ಲಿ ಚಿಕ್ಕವ್ವನಿಗೆ ಗೊತ್ತಾಗಿದ್ದ ಒಂದು ಸಂಬಂಧ, ಓಲೆ ಕಳವಿನ ಮಾತು ಅಲ್ಲಿಗೆ ಮುಟ್ಟಿದ ಮೇಲೆ ಮುರಿಯಿತು. ಯಳಂದೂರಿನ ಆ ಹೆಂಗಸನ್ನು ಅವಳು ಕೆಲಸಕ್ಕಿದ್ದ ಮನೆಯವರು ಮುಂದಿನ ತಿಂಗಳೇ ಬಿಡಿಸಿದರಂತೆ. ಬೇರೆಯವರ ಮನೆ ಬಾಗಿಲಲ್ಲಿ ನಿಂತವಳು ನಾಳೆ ನಮ್ಮ ಬಾಗಿಲಲ್ಲೂ ನಿಲ್ಲುತ್ತಾಳೆ ಎಂದು. ಅವಳ ಊರು ನನಗೆ ಗೊತ್ತು. ನಾನು ಈಗ ಅದೇ ತಾಲ್ಲೂಕಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ಹುಡುಕಿಕೊಂಡು ಹೋಗಿ ಕಂಡೆ ಒಮ್ಮೆ. ಮುಖ ಮರೆತಿದ್ದಳು, ದಾರ ಮರೆತಿರಲಿಲ್ಲ.

ಚಿಕ್ಕವ್ವ ಮತ್ತೆ ಮನೆಗೆಲಸಕ್ಕೆ ಹೋಗಲಿಲ್ಲ. ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ತೆಗೆಯುವ ಕಡೆ ಸೇರಿದಳು. ಕುದಿನೀರಿನಲ್ಲಿ ಗೂಡು ಬೇಯಿಸಿ ಎಳೆ ಹಿಡಿಯುವ ಕೆಲಸ; ಬೆರಳಿನ ತುದಿಯ ಚರ್ಮ ಬಿಳಿಚಿಕೊಂಡು ಸುಲಿಯುತ್ತಿತ್ತು, ಸತ್ತ ಹುಳದ ವಾಸನೆ ಸೀರೆಯಿಂದ ಹೋಗುತ್ತಿರಲಿಲ್ಲ. ಕಷ್ಟವೇನೂ ಕಡಿಮೆಯಾಗಲಿಲ್ಲ. ಆದರೆ ಶನಿವಾರ ಬಟವಾಡೆ ಆಗುತ್ತಿತ್ತು. ಪುಸ್ತಕದಲ್ಲಿ ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡು, ಕೈಗೆ ಕೊಡುತ್ತಿದ್ದರು. ಮೊದಲ ಬಟವಾಡೆಯ ದಿನ ಹೆಬ್ಬೆಟ್ಟಿನ ಮಸಿ ತೊಳೆಯದೆ ಹಾಗೇ ಊರಿಗೆ ಬಂದು ಅವ್ವನಿಗೆ ತೋರಿಸಿದ್ದಳು. ಅವಳನ್ನು ಅವಳ ಸ್ವಂತ ಹೆಸರಿನಿಂದ ಕೂಗಿದರಂತೆ, ಪುಸ್ತಕ ನೋಡಿ.

ಬಟವಾಡೆ ಎಂಬ ಈ ಮಾತು ಮನೆಗೆಲಸಕ್ಕೆ ಯಾಕೆ ಇಲ್ಲ ಎಂದು ನಾನು ಬಹಳ ಯೋಚಿಸಿದ್ದೇನೆ. ಗದ್ದೆಗೆ ಇದೆ, ತೋಟಕ್ಕೆ ಇದೆ, ಮಿಲ್ಲಿಗೆ ಇದೆ. ಮನೆಯೊಳಗೆ ಬಂದ ಕೂಡಲೇ ಅದು ನಂಬಿಕೆಯಾಗುತ್ತದೆ, "ನಮ್ಮ ಮನೆಯವಳ ಹಾಗೆ" ಆಗುತ್ತದೆ. ಮನೆಯವಳಿಗೆ ಯಾರು ಲೆಕ್ಕ ಕೊಡುತ್ತಾರೆ? ಅವಳಿಂದ ಆಣೆ ಇಡಿಸಿಕೊಳ್ಳುತ್ತಾರೆ, ಅಷ್ಟೆ. ನಮ್ಮ ರಾಜ್ಯ 2004ರಲ್ಲಿ ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿ ಮಾಡಿ ಆದೇಶ ಹೊರಡಿಸಿತು, ದೇಶದಲ್ಲೇ ಮೊದಲು ಎಂಬ ಹೆಸರು ಅದಕ್ಕಿದೆ. ಚಿಕ್ಕವ್ವನಿಗೆ ಓದಿ ಹೇಳಿದೆ. "ಯಾರ್ ಬಂದು ಬಾಗ್ಲು ತಟ್ಟಿ ಕೇಳ್ತರೆ, ಕೊಟ್ರಾ ಅಂತ?" ಎಂದಳು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳಬಾರದೆಂಬ ನಿಷೇಧ ಬಂದದ್ದು 2006ರ ಅಕ್ಟೋಬರ್ 10ರಿಂದ. ಅಂದರೆ 1994ರಲ್ಲಿ ನಾನು ಹೊತ್ತ ಕೂಸು ಯಾವ ಕಾನೂನಿನ ಕಣ್ಣಿಗೂ ಬೀಳುವಂಥದ್ದಲ್ಲ. 2011ರ ಜೂನ್ 16ರಂದು ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಗೆಲಸದವರಿಗಾಗಿಯೇ 189ನೇ ಒಡಂಬಡಿಕೆಯನ್ನು ಒಪ್ಪಿತು. ಭಾರತ ಅದರ ಪರವಾಗಿ ಮತ ಹಾಕಿ, ಇಲ್ಲಿ ಅನುಮೋದಿಸದೆ ಉಳಿಯಿತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಮನೆಗೆಲಸದವರಿಗೆ ಪ್ರತ್ಯೇಕ ಕಾನೂನು ಬೇಕೇ ಎಂದು ನೋಡಲು ಸಮಿತಿ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಬೆಂಗಳೂರಿನಲ್ಲಿ ಸ್ತ್ರೀ ಜಾಗೃತಿ ಸಮಿತಿಯಂಥವರು, ಡೊಮೆಸ್ಟಿಕ್ ವರ್ಕರ್ಸ್ ರೈಟ್ಸ್ ಯೂನಿಯನ್ನಿನ ಹೆಂಗಸರು ವರ್ಷಗಳಿಂದ ವಾರದ ರಜೆ, ಬೋನಸ್ಸು ಕೊಡಿ, ಕಳ್ಳತನದ ಸುಳ್ಳು ದೂರು ನಿಲ್ಲಿಸಿ ಎಂದು ಬೀದಿಗಿಳಿದು ಕೇಳುತ್ತಲೇ ಇದ್ದಾರೆ. ಅವರ ಮೆರವಣಿಗೆಯ ಫೋಟೋ ಪತ್ರಿಕೆಯಲ್ಲಿ ಬಂದಾಗ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅದರಲ್ಲಿರುವ ಮುಖಗಳೆಲ್ಲ ಅವತ್ತು ಆ ಬೀದಿಯಲ್ಲಿ ಸುಮ್ಮನೆ ನಿಂತವರ ಮುಖಗಳೇ ಎಂದು ನನಗೆ ಅನಿಸುತ್ತದೆ.

ಹೋಗುವವರು ಈಗಲೂ ಹೋಗುತ್ತಾರೆ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ, ತಿಂಗಳಿಗೊಮ್ಮೆಯಾದರೂ ಮಕ್ಕಳ ಮುಖ ನೋಡಲು ಬರುತ್ತಾರೆ, ಅದೊಂದು ಸಮಾಧಾನ. ನನ್ನ ತರಗತಿಯಲ್ಲಿ ಅಜ್ಜಿಯ ಹತ್ತಿರ ಬೆಳೆಯುವ ಮಕ್ಕಳಿದ್ದಾರೆ. ಭಾನುವಾರ ಸಂಜೆ ಅವ್ವ ಬಸ್ಸು ಹತ್ತಿದರೆ ಸೋಮವಾರ ಅವು ಬಾಯಿ ಬಿಡುವುದಿಲ್ಲ. ಹಾಜರಿ ಕೂಗುವಾಗ ಅವುಗಳ ಹೆಸರನ್ನು ನಾನು ಪೂರ್ತಿ ಕೂಗುತ್ತೇನೆ.

ಈ ಸಲದ ಜಾತ್ರೆಯಲ್ಲಿ ನಮ್ಮ ಬಿಡಾರದ ಬೆಂಕಿಯ ಮುಂದೆ ಹೊಸದಾಗಿ ಹೊರಟು ನಿಂತವಳೊಬ್ಬಳಿದ್ದಳು. ದೊಡ್ಡಣ್ಣನ ಸೊಸೆ. ಗಾರೆ ಕೆಲಸದಲ್ಲಿ ಬಿದ್ದು ಗಂಡನ ಸೊಂಟ ಹೋಗಿದೆ. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಮಗು ನೋಡಿಕೊಳ್ಳುವ ಕೆಲಸ, ಏಜೆನ್ಸಿಯವರು ಕೊಡಿಸಿದ್ದಾರೆ, ಮನೆಯಲ್ಲೇ ಇರಬೇಕು. ಕಥೆ ಮುಗಿಯುವ ತನಕ ಅವಳು ಮೊಣಕಾಲು ಅಪ್ಪಿಕೊಂಡು ಬೆಂಕಿ ನೋಡುತ್ತಾ ಕೂತಿದ್ದಳು. ಮುಗಿದ ಮೇಲೆ, "ಈಗ ಅಂಗೆಲ್ಲ ಇಲ್ಲ ಅತ್ತೆ, ಎಲ್ಲ ಫೋನ್ ಪೇಲಿ ಆಕ್ತರಂತೆ" ಎಂದಳು.

"ಯಾರ್ ಫೋನ್ಗೆ?" ಎಂದಳು ಚಿಕ್ಕವ್ವ.

ಹುಡುಗಿ ತಲೆ ಎತ್ತಿದಳು. ಏಜೆನ್ಸಿಯವರ ಖಾತೆಗೆ ಬಂದು, ಅವರು ತಮ್ಮದು ಹಿಡಿದುಕೊಂಡು, ಆಮೇಲೆ ಇವಳಿಗೆ ಎಂದು ನಿಧಾನವಾಗಿ ಹೇಳಿದಳು. ಎಷ್ಟು ಹಿಡಿದುಕೊಳ್ಳುತ್ತಾರೆ? ಗೊತ್ತಿಲ್ಲ. ಯಾವ ತಾರೀಖು? ಕೇಳಿಲ್ಲ. ವಾರಕ್ಕೊಂದು ದಿನ ಬಿಡ್ತಾರಾ? ಅದೂ ಕೇಳಿಲ್ಲ. ರಾತ್ರಿ ಎಲ್ಲಿ ಮಲಗಬೇಕು? ಸುಮ್ಮನಾದಳು.

ಚಿಕ್ಕವ್ವ ನನ್ನ ಕಡೆ ತಿರುಗಿ, "ಕೂಸೇ, ಪುಸ್ತಕ ತಂದಿದ್ದೀಯಾ?" ಎಂದಳು. ನನ್ನ ವಯಸ್ಸು ಈಗ ನಲವತ್ತು ದಾಟಿದೆ; ಅವಳಿಗೆ ನಾನು ಇನ್ನೂ ಕೂಸು. ಬ್ಯಾಗಿನಲ್ಲಿ ಶಾಲೆಯ ಟಿಪ್ಪಣಿ ಪುಸ್ತಕವಿತ್ತು. ಬೆಂಕಿಯ ಬೆಳಕಿಗೆ ಹಾಳೆ ಹಿಡಿದು ಅವಳು ಹೇಳಿದ ಹಾಗೆ ಬರೆದೆ. ಮೊದಲು ಹುಡುಗಿಯ ಹೆಸರು, ಅಪ್ಪನ ಹೆಸರು, ಊರು. ಆಮೇಲೆ ತಿಂಗಳಿಗೆ ಎಷ್ಟು, ಯಾವ ತಾರೀಖು, ಯಾರ ಕೈಗೆ. ರಜೆ ಎಂದು. ಜಾಗ ಬಿಟ್ಟು ಬಿಟ್ಟು ಬರೆಸಿದಳು, ಅಲ್ಲಿ ಹೋಗಿ ಕೇಳಿ ತುಂಬಿಸಬೇಕೆಂದು. ಹಾಳೆ ಹರಿದು ಹುಡುಗಿಯ ಕೈಗೆ ಕೊಟ್ಟೆ. ಅವಳು ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡು, ಹಾಳೆಯನ್ನು ಮಡಿಸಿ ರವಿಕೆಯೊಳಗಿಟ್ಟುಕೊಂಡಳು.

"ಏನಂತ ಕೇಳ್ಬೇಕು ಅಜ್ಜಿ ಮೊದ್ಲು?" ಎಂದಳು.

"ನಿನ್ ಎಸ್ರು ಯೋಳು ಮೊದ್ಲು" ಎಂದಳು ಚಿಕ್ಕವ್ವ, ಒಲೆಗೆ ಕೊಳ್ಳಿ ತಳ್ಳುತ್ತಾ. "ಬ್ಯಾರೆ ಎಸ್ರು ಇಟ್ರೆ ಓಗುಟ್ಬೇಡ."